ಪದಚರ್ಚೆ: ‘ಐರನಿ’ಗೆ ವ್ಯಂಗ್ಯ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು, ಹಾಗಾಗಿ ಪಾಠ ಅರ್ಧ ಕನ್ನಡದಲ್ಲೇ ಸಾಗುತ್ತದೆ. ಈ ವಾರ ಐರಿಷ್ ಲೇಖಕ ಜೊನಾಥನ್ ಸ್ವಿಫ್ಟ್ 1729ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ‘ಎ ಮಾಡೆಸ್ಟ್ ಪ್ರಪೋಸಲ್’ ತೆಗೆದುಕೊಂಡಿದ್ದೆ. ಐರ್ಲೆಂಡಿನ ಬಡವರ ಕೂಸುಗಳನ್ನು ಒಂದು ವರ್ಷ ಸಾಕಿ, ಉಳ್ಳವರ ಊಟಕ್ಕೆ ಮಾರಿಬಿಡಿ ಎನ್ನುವ ಬರಹ ಅದು. 1,20,000 ಕೂಸುಗಳಲ್ಲಿ 20,000 ತಳಿಗೆ ಉಳಿಸಿ, ಮಿಕ್ಕ ಒಂದು ಲಕ್ಷ ಮಾರಾಟಕ್ಕೆ ಎಂದು ತಣ್ಣಗೆ ಲೆಕ್ಕ ಹೇಳುತ್ತದೆ.

ಒಬ್ಬ ಹುಡುಗಿ ಕೇಳಿದಳು: “ಮೇಡಂ, ಇದು ವ್ಯಂಗ್ಯವೋ, ವಿಡಂಬನೆಯೋ?” ಎರಡೂ ಹೌದು ಎಂದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

‘ಸಟೈರ್’ಗೆ ವಿಡಂಬನೆ ಸರಿ. ಸಂಸ್ಕೃತದಲ್ಲಿ ಆ ಪದಕ್ಕೆ ಅನುಕರಿಸುವುದು, ಅಣಕಿಸುವುದು ಎಂಬ ಅರ್ಥಗಳಿವೆ. ಬಡತನವನ್ನು ಬರೀ ಅಂಕಿಗಳಲ್ಲಿ ಬಗೆಹರಿಸಲು ಹೊರಟ ಆ ಕಾಲದ ಕರಪತ್ರಗಳ ಧಾಟಿಯನ್ನೇ ಸ್ವಿಫ್ಟ್ ಅಣಕಿಸಿದ್ದಾನೆ. ‘ಸಾರ್ಕ್ಯಾಸಂ’ಗೆ ಕಟಕಿ, ಕೊಂಕು, ಚುಚ್ಚುಮಾತು ಇದ್ದೇ ಇವೆ.

ತೊಡಕಿರುವುದು ‘ಐರನಿ’ಯಲ್ಲಿ, ಅಂದರೆ ಹೇಳುವುದೊಂದು, ಮನಸ್ಸಿನಲ್ಲಿರುವುದು ಇನ್ನೊಂದು ಎನ್ನುವ ಬಗೆಯ ಮಾತಿನಲ್ಲಿ. ಅದಕ್ಕೆ ವ್ಯಂಗ್ಯ ಎಂದರೆ, ಐಚ್ಛಿಕ ಕನ್ನಡ ಓದುವ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಧ್ವನಿಸಿದ್ಧಾಂತದಲ್ಲಿ ವ್ಯಂಗ್ಯವೆಂದರೆ ವಾಚ್ಯವನ್ನು, ಅಂದರೆ ಪದಗಳ ನೇರ ಅರ್ಥವನ್ನು, ಮೀರಿ ಹೊಳೆಯುವ ಅರ್ಥ. ಅದರಲ್ಲಿ ಚುಚ್ಚು ಇರಲೇಬೇಕೆಂದಿಲ್ಲ, ಶೃಂಗಾರವೂ ವ್ಯಂಗ್ಯವಾಗಬಹುದು. ಪತ್ರಿಕೆಯ ‘ವ್ಯಂಗ್ಯವಾಡಿದರು’ ಎಂಬಲ್ಲಿ ಉಳಿದಿರುವುದು ಚುಚ್ಚು ಮಾತ್ರ. ಹೊಗಳಿದಂತೆ ತೆಗಳುವ, ಇಲ್ಲವೇ ತೆಗಳಿದಂತೆ ಹೊಗಳುವ ವ್ಯಾಜಸ್ತುತಿ ಅಲಂಕಾರ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದಕ್ಕೆ ಹೊಗಳಿಕೆಯದೋ ತೆಗಳಿಕೆಯದೋ ಮುಸುಕು ಬೇಕು, ಸ್ವಿಫ್ಟನ ನಿರೂಪಕ ಎರಡನ್ನೂ ಮಾಡದೆ ಬರೀ ಸಲಹೆ ಕೊಡುತ್ತಾನೆ. ವ್ಯಾಜೋಕ್ತಿ ಎನ್ನೋಣವೆಂದರೆ ಅದು ಆಗಲೇ, ನೆಪ ಹೇಳಿ ನಿಜ ಮುಚ್ಚಿಡುವ ಬೇರೊಂದು ಅಲಂಕಾರದ ಹೆಸರು. ಪದವಿಲ್ಲದ್ದರ ಪೆಟ್ಟು ಉತ್ತರಪತ್ರಿಕೆಯಲ್ಲಿ ಕಾಣುತ್ತದೆ: ‘ಮಕ್ಕಳನ್ನು ತಿನ್ನಬೇಕೆಂದು ಸ್ವಿಫ್ಟ್ ಹೇಳುತ್ತಾನೆ’ ಎಂದೇ ಬರೆದುಬಿಡುತ್ತಾರೆ. ಹೇಳುವವನು ನಿರೂಪಕ, ಸ್ವಿಫ್ಟ್ ಅಲ್ಲ ಎಂದು ಪ್ರತಿ ಸಲ ತಿದ್ದುತ್ತೇನೆ.

ಶೀರ್ಷಿಕೆಯ ‘ಮಾಡೆಸ್ಟ್’ಗೆ ‘ವಿನಮ್ರ’ ಎಂದರೆ ವಿನಯವಷ್ಟೇ ಬರುತ್ತದೆ, ‘ಇದೇನು ಮಹಾ ದೊಡ್ಡದಲ್ಲ’ ಎಂಬ ಅರ್ಥ ಬಿಟ್ಟುಹೋಗುತ್ತದೆ. ನಮ್ಮ ಸಭೆಗಳಲ್ಲಿ ಎದ್ದು ನಿಂತು “ನನ್ನದೊಂದು ಸಣ್ಣ ಸಲಹೆ” ಎನ್ನುತ್ತಾರಲ್ಲ, ಅದರಲ್ಲಿ ಎರಡೂ ಇವೆ. ನನಗೆ ಇದೇ ಇಷ್ಟ.

ಇನ್ನೊಂದು ವಾಕ್ಯ. ಜಮೀನ್ದಾರರು ತಂದೆತಾಯಿಗಳಲ್ಲಿ ಹೆಚ್ಚಿನವರನ್ನು ಈಗಾಗಲೇ ಕಬಳಿಸಿರುವುದರಿಂದ ಮಕ್ಕಳ ಮೇಲೂ ಅವರಿಗೇ ಹೆಚ್ಚು ಹಕ್ಕು ಎಂದು ನಿರೂಪಕ ಹೇಳುತ್ತಾನೆ. ಇಡೀ ಬರಹದ ಸಿಟ್ಟು ಇಲ್ಲಿ ಹೊರಬೀಳುತ್ತದೆ. ನಾನು “ಅಪ್ಪ ಅಮ್ಮಂದಿರನ್ನು ನುಂಗಿ ನೀರು ಕುಡಿದಿದ್ದಾರೆ” ಎಂದೆ. ತರಗತಿ ಥಟ್ಟನೆ ಹಿಡಿಯಿತು. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಕೆರೆ ಹೂಳೆತ್ತುವ ದುಡ್ಡಿಗೂ ನಾವು ಇದೇ ಮಾತು ಬಳಸುತ್ತೇವೆ. ಅಷ್ಟು ಸವೆದ ನುಡಿಗಟ್ಟಿನಲ್ಲಿ ನರಮಾಂಸದ ಭೀಕರತೆ ಉಳಿದೀತೇ? ಬರೀ “ತಿಂದು ಮುಗಿಸಿದ್ದಾರೆ” ಸಾಕೇ?

ಐರನಿಗೆ ನಿಮ್ಮ ಕಡೆಯ ಆಡುಮಾತಿನಲ್ಲಿ ಪದವಿದ್ದರೆ ಉದಾಹರಣೆ ವಾಕ್ಯದ ಜೊತೆ ಬರೆಯಿರಿ. ಅಲಂಕಾರಶಾಸ್ತ್ರ ಬಲ್ಲವರು ವ್ಯಂಗ್ಯದ ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ. ಸೋಮವಾರ ಇದೇ ಪಾಠ ಮುಂದುವರಿಯಲಿದೆ, ಆ ಹುಡುಗಿಗೆ ಉತ್ತರ ಕೊಡಬೇಕು.