ಲಿಂಡ್ಸೆ ಬಕಿಂಗ್‌ಹ್ಯಾಮ್ ಅವರ 'ಔಟ್ ಆಫ್ ದ ಕ್ರೇಡಲ್' ಕೇಳಿದವರು ಇದ್ದೀರಾ?

ತಂತಿಮರುಳ:
ಫ್ಲೀಟ್‌ವುಡ್ ಮ್ಯಾಕ್ ರಾಕ್ ಬ್ಯಾಂಡ್ ಅಂದರೆ ಎಲ್ಲರೂ 'ರೂಮರ್ಸ್' ಆಲ್ಬಮ್ ಹೆಸರು ಹೇಳುತ್ತಾರೆ, ನಾನೂ ಅಲ್ಲಿಗೇ ನಿಂತಿದ್ದೆ. ಹೋದ ವಾರ ಆ ಬ್ಯಾಂಡ್‌ನಲ್ಲಿದ್ದ ಗಿಟಾರ್ ವಾದಕ ಬಕಿಂಗ್‌ಹ್ಯಾಮ್ 1992ರಲ್ಲಿ ತಂದ ಈ ಸೋಲೋ ಆಲ್ಬಮ್ ಸುಮ್ನೆ ಹಾಕಿದೆ. ಮುಗಿದ ತಕ್ಷಣ ಮತ್ತೆ ಮೊದಲಿಂದ ಕೇಳಿದೆ. ಇಷ್ಟು ಚೆನ್ನಾಗಿರುವುದು ಯಾಕೆ ಓಡಲಿಲ್ಲ? ಇನ್ನೊಂದು, 'ಡೋಂಟ್ ಲುಕ್ ಡೌನ್' ಹಾಡಿಗೆ ಮುಂಚೆ ಬರುವ ಗಿಟಾರ್ ತುಣುಕನ್ನ ಕಲಿಯಬೇಕು. ಅದು ಪಿಕ್‌ನಲ್ಲಿ (ತಂತಿ ಮೀಟುವ ಚಿಕ್ಕ ಬಿಲ್ಲೆ) ನುಡಿಸಿದ್ದಾ?

ಆರನೇತಂತಿ:
ಅವರು ಪಿಕ್ ಹಿಡಿಯುವವರಲ್ಲ, ಬೆರಳಲ್ಲೇ ನುಡಿಸುತ್ತಾರೆ. ಚಿಕ್ಕಂದಿನಲ್ಲಿ ಕಿಂಗ್‌ಸ್ಟನ್ ಟ್ರಿಯೊ ಅನ್ನೋ ಜಾನಪದ ಗಾಯಕರ ತಂಡದ ರೆಕಾರ್ಡ್ ಕೇಳಿಕೊಂಡು ಕಲಿತ ಕೈ ಅದು, ಈ ಆಲ್ಬಮ್‌ನಲ್ಲಿರುವ 'ಆಲ್ ಮೈ ಸಾರೋಸ್' ಕೂಡ ಟ್ರಿಯೊ ಹಾಡಿದ್ದ ಹಾಡೇ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮ ಹೊಡೆಯುತ್ತಾ ಇರುತ್ತದೆ, ಉಳಿದ ಬೆರಳುಗಳು ಅದರ ಮೇಲೆ ಟ್ಯೂನ್ ತೆಗೆಯುತ್ತವೆ. ಮೊದಲು ಹೆಬ್ಬೆರಳೊಂದನ್ನೇ ಪಳಗಿಸಿ. ಟ್ಯೂನ್ ಸೇರಿಸಿದ ತಕ್ಷಣ ಅದು ತಪ್ಪುತ್ತದೆ. ನನಗೆ ಎರಡು ತಿಂಗಳು ಹಿಡಿಯಿತು.

ಹಳೇಕ್ಯಾಸೆಟ್:
ಓಡದಿದ್ದಕ್ಕೆ ಕಾಲವೇ ದೊಡ್ಡ ಕಾರಣ. 1987ರಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ 'ಟ್ಯಾಂಗೊ ಇನ್ ದ ನೈಟ್' ಆಲ್ಬಮ್ ಬಂದ ಮೇಲೆ ಬಕಿಂಗ್‌ಹ್ಯಾಮ್ ಟೂರ್‌ಗೆ ಹೋಗಲ್ಲ ಅಂತ ಬ್ಯಾಂಡ್ ಬಿಟ್ಟರು. ಆಮೇಲೆ ಮನೆಯ ಸ್ಟುಡಿಯೋದಲ್ಲಿ ನಿರ್ಮಾಪಕ ರಿಚರ್ಡ್ ಡ್ಯಾಶಟ್ ಜೊತೆ ವರ್ಷಗಟ್ಟಲೆ ಕೂತು ಗಿಟಾರ್ ಮೇಲೆ ಗಿಟಾರ್, ದನಿಯ ಮೇಲೆ ದನಿ ಸೇರಿಸಿ ಇದನ್ನ ಮಾಡಿದರು. ಅಷ್ಟೊತ್ತಿಗೆ ಗಾಳಿ ಬದಲಾಗಿತ್ತು. 1992ರ ಜನವರಿಯಲ್ಲಿ ಒರಟು ರಾಕ್ ನುಡಿಸುವ ನಿರ್ವಾಣ ಬ್ಯಾಂಡ್‌ನ 'ನೆವರ್‌ಮೈಂಡ್' ಆಲ್ಬಮ್ ಅಮೆರಿಕದಲ್ಲಿ ನಂಬರ್ 1. 'ಔಟ್ ಆಫ್ ದ ಕ್ರೇಡಲ್' ಅಲ್ಲಿನ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 128ಕ್ಕಿಂತ ಮೇಲೆ ಹೋಗಲೇ ಇಲ್ಲ. 'ಸೋಲ್ ಡ್ರಿಫ್ಟರ್' ಥರದ ಹಾಡಿಗೆ ಈ ಗತಿ ಅಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಳೆಬಿಲ್ಲು:
ನನಗೂ ಇಷ್ಟ, ಆದರೆ ಒಂದು ಮಾತು. ಕೆಲವು ಹಾಡಲ್ಲಿ ಪದರ ಜಾಸ್ತಿಯಾಗಿ ಉಸಿರಾಡಲು ಜಾಗವಿಲ್ಲ ಅನ್ನಿಸುತ್ತದೆ. ಫ್ಲೀಟ್‌ವುಡ್ ಮ್ಯಾಕ್‌ನ 1997ರ ಲೈವ್ ಆಲ್ಬಮ್ 'ದ ಡ್ಯಾನ್ಸ್'ನಲ್ಲಿ 'ಬಿಗ್ ಲವ್' ಕೇಳಿ, ಒಂದೇ ಗಿಟಾರ್, ಒಬ್ಬರೇ ಮನುಷ್ಯ.

ಹಳೇಕ್ಯಾಸೆಟ್:
ಒಪ್ಪುತ್ತೇನೆ, ಅದು ಬೇರೆಯೇ ಲೆವೆಲ್. ಆದರೆ ಈ ಪದರಗಳು ಸ್ಪೀಕರ್‌ನಲ್ಲಿ ಕಲಸಿದ ಹಾಗೆ ಕೇಳುತ್ತವೆ, ಹೆಡ್‌ಫೋನ್‌ನಲ್ಲಿ ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುತ್ತದೆ. 'ಸರೆಂಡರ್ ದ ರೇನ್' ಹಾಗೆ ಕೇಳಿ ನೋಡಿ.

ತಂತಿಮರುಳ:
ಎಲ್ಲರಿಗೂ ಥ್ಯಾಂಕ್ಸ್. ಬೆಳಗ್ಗೆಯಿಂದ ಹೆಬ್ಬೆರಳು ಮಾತ್ರ ಓಡಿಸುತ್ತಿದ್ದೇನೆ. ನಿಧಾನಕ್ಕೆ ನುಡಿಸಿದರೆ ನಿಲ್ಲುತ್ತದೆ, ಸ್ವಲ್ಪ ವೇಗ ಏರಿಸಿದರೆ ಮೂರನೇ ಸುತ್ತಿಗೆ ಜಾರುತ್ತದೆ. ಆರನೇತಂತಿ ಅವರೇ, ಅಂಗೈ ಅಂಚನ್ನ ಬ್ರಿಜ್ (ಗಿಟಾರ್ ಮೈ ಮೇಲೆ ತಂತಿ ಕೂರುವ ಪಟ್ಟಿ) ಮೇಲೆ ಊರಬೇಕಾ?