ಕಾದ ಅಲಗನ್ನು ಎಣ್ಣೆಗೆ ಇಳಿಸುವುದಕ್ಕೆ ಏನೆನ್ನಬೇಕು?

ಹಾವೇರಿಯಿಂದ:
ಮಾನ್ಯರೇ, 1824ರ ಕಿತ್ತೂರು ಕದನದ ನಾಟಕದಲ್ಲಿ ಕಲೆಕ್ಟರ್ ಥ್ಯಾಕರೆಯ ಪಾತ್ರಧಾರಿ ಹಿಡಿಯಲೆಂದು ನಮ್ಮ ಕಾಕಾ ಹಿತ್ತಲಿನ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಒಂದು ಸೇಬರ್, ಅಂದರೆ ಕುದುರೆ ಸವಾರರ ಬಾಗಿದ ಕತ್ತಿ, ಮಾಡಿದ್ದಾರೆ. ಮಾದರಿ ಬ್ರಿಟಿಷ್ ಕುದುರೆಪಡೆಯ 1796ರದು. ಬಾಯಿ ಮಾತ್ರ ಮೊಂಡು. ಅದರ ಪಕ್ಕದಲ್ಲಿ ನಿಲ್ಲಿಸುವ ಫಲಕವನ್ನು ಪೇಂಟರ್ ಗುರುವಾರ ಬರೆಯುತ್ತಾರೆ, ಎರಡು ಪದಗಳು ತುರ್ತಾಗಿ ಬೇಕು. ಅಯಸ್ಕಾಂತ ಅಂಟದಷ್ಟು ಕಾದ ಅಲಗನ್ನು ತಟ್ಟನೆ ಎಣ್ಣೆಗೆ ಇಳಿಸುವುದು ಒಂದು. ಹಾಗೆ ಗಾಜಿನಂತೆ ಪೆಡಸಾದದ್ದನ್ನು, ಉಜ್ಜಿದ ಮೈ ಜೋಳದ ದಂಟಿನ ಬಣ್ಣದಿಂದ ನೇರಳೆಗೂ ಸುಮಾರು 300 ಡಿಗ್ರಿಯಲ್ಲಿ ನೀಲಿಗೂ ತಿರುಗುವ ತನಕ ಮೆಲ್ಲಗೆ ಕಾಸಿ, ಮುರಿಯದೆ ಬಳುಕುವಂತೆ ಮಾಡುವುದು ಇನ್ನೊಂದು. ಕಾಕಾ ಎರಡಕ್ಕೂ ‘ಹದ’ ಎನ್ನುತ್ತಾರೆ. ಸೇಬರನ್ನು ತಲವಾರ ಎನ್ನಬಹುದೇ?

ಧಾರವಾಡದಿಂದ:
ಮೊದಲನೆಯದಕ್ಕೆ ‘ನೀರು ಕುಡಿಸುವುದು’ ಎನ್ನಿ. ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಇದಕ್ಕೆ ‘ಶಸ್ತ್ರಪಾನ’ ಎಂದೇ ಹೆಸರಿದೆ: ಉಜ್ಜ್ವಲ ಸಿರಿ ಬೇಕಾದವನು ಅಲಗಿಗೆ ರಕ್ತವನ್ನು, ಗುಣವಂತ ಮಗ ಬೇಕಾದವನು ತುಪ್ಪವನ್ನು, ಅಕ್ಷಯ ಧನ ಬೇಕಾದವನು ನೀರನ್ನು ಕುಡಿಸಬೇಕಂತೆ.

ಗದಗದಿಂದ:
ಎಣ್ಣೆಗೆ ಅದ್ದಿದ್ದನ್ನು ನೀರು ಕುಡಿಸಿದೆವೆಂದು ಬರೆಸುವುದು ಹಾಸ್ಯಾಸ್ಪದ. ‘ಪಾನ’ ಸಂಸ್ಕೃತ, ತಲವಾರವೂ ಸಂಸ್ಕೃತದ ‘ತರವಾರಿ’ಯಿಂದ ಬಂದದ್ದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ‘ವೂಟ್ಸ್’ ಎಂದು ಚರ್ಚೆಗೆ ಬಂದ ಲೋಹದ ಹೆಸರು ನಮ್ಮ ‘ಉಕ್ಕು’. ಆ ಪದವನ್ನೇ ಲೋಕಕ್ಕೆ ಕೊಟ್ಟವರು ಕತ್ತಿಗೆ ಹೆಸರನ್ನು ಎರವಲು ತರಬೇಕೇ? ‘ಬಾಗುಗತ್ತಿ’ ಎನ್ನಿ. ಚರ್ಚೆ ಅನಗತ್ಯ.

ಧಾರವಾಡದಿಂದ:
ಎಣ್ಣೆ ಎಂದರೆ ಎಳ್ಳಿನ ನೆಯ್. ಆದರೂ ಸೀಮೆಎಣ್ಣೆಯಲ್ಲಿ ಯಾರೂ ಎಳ್ಳು ಹುಡುಕುವುದಿಲ್ಲ. ಹಾಗಿದ್ದಮೇಲೆ ‘ನೀರು ಕುಡಿಸುವುದ’ರಲ್ಲಿ ನೀರೇ ಇರಬೇಕೆಂದು ಹಟವೇಕೆ? ಕಮ್ಮಾರನೂ ಸಂಸ್ಕೃತದ ‘ಕರ್ಮಾರ’ನೇ. ಅವನನ್ನೂ ಹೊರಗೆ ಕಳಿಸಿದರೆ ಸುತ್ತಿಗೆಯನ್ನು ಯಾರ ಕೈಗೆ ಕೊಡುತ್ತೀರಿ?

ಹುಬ್ಬಳ್ಳಿಯಿಂದ:
ಇಬ್ಬರೂ ಎರಡನೆಯ ಪದವನ್ನು ಮರೆತಿದ್ದೀರಿ. ಹೊಲಕ್ಕೆ ಹದ ಬಂದಿದೆ ಎಂದರೆ ಮಣ್ಣು ಕೆಸರೂ ಅಲ್ಲ, ಹೆಂಟೆಯೂ ಅಲ್ಲ ಎಂದರ್ಥ. ಆದ್ದರಿಂದ ಪೆಡಸು ತೆಗೆದು ಗಟ್ಟಿತನ ಉಳಿಸುವ ಎರಡನೆಯ ಕೆಲಸಕ್ಕೇ ‘ಹದ’ ಸಲ್ಲಬೇಕು. ಮೊದಲನೆಯದಕ್ಕೆ ‘ಗಡಸು ಮಾಡುವುದು’ ಸಾಕು. ತಲವಾರದ ಹಿಡಿಯ ತುದಿಗೆ ಬಿಲ್ಲೆ ಇರುತ್ತದೆ, 1796ರ ಮಾದರಿಗೆ ಬೆರಳ ಗೆಣ್ಣುಗಳನ್ನು ಕಾಯುವ ಒಂದೇ ಬಾಗಿದ ಪಟ್ಟಿ. ವಸ್ತು ಬೇರೆ, ಹೆಸರೂ ಬೇರೆಯೇ ಇರಲಿ. ಅಂದಹಾಗೆ ಇಂಗ್ಲಿಷರಿಗೂ ಸೇಬರ್ ಸ್ವಂತದ್ದಲ್ಲ. ಹಂಗೇರಿಯ ‘ಸಾಬ್ಯಾ’ ಜರ್ಮನ್, ಫ್ರೆಂಚುಗಳನ್ನು ದಾಟಿ ಅವರಿಗೆ ಸಿಕ್ಕಿತು.

ಹಾವೇರಿಯಿಂದ:
ನೀರು ಬೇಡವಾದರೆ ಇರಲಿ ಎಂದು ‘ಎಣ್ಣೆ ಕುಡಿಸಿ’ ಎಂದು ಬರೆದುಕೊಟ್ಟಿದ್ದೆ, ಪೇಂಟರ್ ಕುಂಚ ಕೆಳಗಿಟ್ಟು ನಕ್ಕರು. ಆ ಮಾತಿಗೆ ಬೀದಿಯಲ್ಲಿ ಇರುವ ಅರ್ಥ ನನಗೆ ಆಗ ಹೊಳೆಯಿತು. ‘ಎಣ್ಣೆಗಿಳಿಸಿ ಗಡಸು ಮಾಡಿ, ಮರಳಿ ಕಾಸಿ ಹದಗೊಳಿಸಿದ ಸೇಬರ್’ ಎಂದು ಬರೆಸಿದ್ದೇನೆ. ‘ಬಾಗುಗತ್ತಿ’ಯನ್ನು ಕಾಕಾ ಒಪ್ಪಲಿಲ್ಲ. ತಾವು ಅದನ್ನು ಬಾಗಿಸಲೇ ಇಲ್ಲವಂತೆ: ಬಾಯಿಯ ಕಡೆ ಬಡಿದು ತೆಳುಮಾಡಿದಂತೆ ಆ ಅಂಚು ಉದ್ದವಾಗಿ, ನೆಟ್ಟಗಿದ್ದ ಪಟ್ಟಿ ತಾನಾಗಿಯೇ ಬೆನ್ನಿನತ್ತ ಬಾಗಿತಂತೆ.

ಗದಗದಿಂದ:
ತಾನಾಗಿಯೇ ಬಾಗಿದರೂ ಅದು ಬಾಗುಗತ್ತಿಯೇ. ಫಲಕದಲ್ಲಿ ನೆರವಾದವರಿಗೆ ವಂದನೆ ಹೇಳುವುದಿದ್ದರೆ ನನ್ನ ಹೆಸರನ್ನು ಬಿಡಿ.