ಹಳೆ ಸಿವಿಕ್‌ಗೆ ರೋಟರಿ ಇಂಜಿನ್ ಕೂರುತ್ತಾ?

ಅಡ್ಡಇಂಜಿನ್:
ನನ್ನ ಹತ್ತಿರ 1994ರ ಹೋಂಡಾ ಸಿವಿಕ್ ಇದೆ, ಐದು ಗೇರಿನದ್ದು. ಬಾಡಿ ಗಟ್ಟಿಯಾಗಿದೆ, ಇಂಜಿನ್ ಮಾತ್ರ ಸವೆದಿದೆ. ಅದನ್ನು ಇಳಿಸಿ ಮಜ್ದಾ 13ಬಿ ರೋಟರಿ (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ಇಂಜಿನ್) ಹಾಕುವ ಆಸೆ. ಹೋಂಡಾದ್ದೇ ಕೆ ಸೀರೀಸಿನ ಕೆ20 ಇಂಜಿನ್ ಹಾಕು ಅನ್ನಬೇಡಿ, ಅದನ್ನು ಎಲ್ಲರೂ ಹಾಕುತ್ತಾರೆ. ರೋಟರಿ ಗಿಡ್ಡ, ಅಡ್ಡ ಇಟ್ಟರೂ ಜಾಗ ಸಾಕು. ಹಳೆ ಗೇರ್‌ಬಾಕ್ಸ್ ಉಳಿಸಿಕೊಂಡು ನಡುವೆ ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಿದರೆ ಆಯ್ತು, ಅಲ್ವಾ?

ಗ್ರೀಸ್‌ಕೈ:
ಆಗಲ್ಲ ಗುರು. ಪುಲ್ಲಿ ಕಡೆಯಿಂದ ನೋಡಿದರೆ ಹೆಚ್ಚಿನ ಇಂಜಿನ್‌ಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತವೆ, 13ಬಿ ಕೂಡ ಹಾಗೇ. ಆ ಕಾಲದ ಹೋಂಡಾ ಡಿ, ಬಿ ಸೀರೀಸ್ ಇಂಜಿನ್‌ಗಳು ಉಲ್ಟಾ. ನಿಮ್ಮ ಗೇರ್‌ಬಾಕ್ಸ್ ಆ ಉಲ್ಟಾ ಲೆಕ್ಕಕ್ಕೇ ಮಾಡಿದ್ದು. ಅದಕ್ಕೆ 13ಬಿ ಜೋಡಿಸಿ ಫಸ್ಟ್ ಗೇರ್ ಹಾಕಿದರೆ ಕಾರು ಹಿಂದಕ್ಕೆ ಹೋಗುತ್ತದೆ. ಐದು ರಿವರ್ಸ್, ಮುಂದಕ್ಕೆ ಒಂದೇ ಒಂದು! ಕೆ ಸೀರೀಸ್ ಗೇರ್‌ಬಾಕ್ಸ್ ಆದರೆ ದಿಕ್ಕು ಸರಿಹೋಗುತ್ತದೆ, ಆದರೆ ಅದು ಕಾರಿನ ಆಚೆ ಬದಿಗೆ ಕೂರುತ್ತದೆ, ಇಂಜಿನ್ ಹಿಡಿದಿಡುವ ಮೌಂಟ್‌ಗಳೆಲ್ಲ ಹೊಸದಾಗಿ ಆಗಬೇಕು. ಕೆ20 ಬೇಡ ಅಂದವರಿಗೆ ಅದರ ಗೇರ್‌ಬಾಕ್ಸೇ ಗತಿ.

ಇನ್ನು ಪ್ಲೇಟ್. ಬೋಲ್ಟ್ ತೂತು ಹೊಂದಿದರೆ ಸಾಲದು. ಇಂಜಿನ್ ಶಾಫ್ಟ್ ಮತ್ತು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಒಂದೇ ನೇರಕ್ಕೆ ಬರಬೇಕು, ಅದಕ್ಕೇ ಎರಡನ್ನೂ ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ಇರೋದು. ಕೂದಲೆಳೆಯಷ್ಟು ಆಚೀಚೆ ಆದರೂ ಮೊದಲು ಬೇರಿಂಗ್ ಸದ್ದು ಶುರು, ಆಮೇಲೆ ಕ್ಲಚ್ ನಡುಕ. ಪ್ಲೇಟ್ ದಪ್ಪ ಆದಷ್ಟೂ ಇನ್‌ಪುಟ್ ಶಾಫ್ಟ್ ಹಿಂದೆ ಸರಿಯುತ್ತದೆ, ಅದರ ಹಲ್ಲು ಕ್ಲಚ್ ಡಿಸ್ಕ್‌ನಲ್ಲಿ ಪೂರ್ತಿ ಕೂರುತ್ತಾ ಅಂತ ಮೊದಲೇ ಅಳೆಯಿರಿ.

ಬಿಸಿಪೈಪು:
ಜಾಗ ಸಾಕು ಅನ್ನೋದೂ ಪೂರ್ತಿ ನಿಜ ಅಲ್ಲ. ಉದ್ದಕ್ಕೆ ಗಿಡ್ಡ, ಸರಿ. ಆದರೆ ರೋಟರಿಯಲ್ಲಿ ಶಾಫ್ಟ್ ಹೌಸಿಂಗ್‌ನ ಮಧ್ಯದಲ್ಲಿ ಇರುತ್ತದೆ, ಸುತ್ತಲೂ ದಪ್ಪ. ಚಕ್ರ ತಿರುಗಿಸಲು ಪಕ್ಕದಲ್ಲೇ ಹೋಗುವ ಉದ್ದದ ಡ್ರೈವ್‌ಶಾಫ್ಟ್‌ಗೆ ತಾಗುವ ಭಯ ಇದೆ. ಜೊತೆಗೆ 13ಬಿಯಲ್ಲಿ ಇನ್‌ಟೇಕ್, ಎಗ್ಸಾಸ್ಟ್ ಎರಡೂ ಒಂದೇ ಬದಿ. ಎಗ್ಸಾಸ್ಟ್ ಪಿಸ್ಟನ್ ಇಂಜಿನ್‌ದಕ್ಕಿಂತ ಜಾಸ್ತಿ ಬಿಸಿ. ಆಯಿಲ್ ಕೂಲರ್ ಇಲ್ಲದೆ ಓಡಿಸಲೇಬೇಡಿ.

ಅಂದಹಾಗೆ, ಮುಂದಿನ ಚಕ್ರಕ್ಕೆ ರೋಟರಿ ಹೊಸದೇನಲ್ಲ. 1967ರ ಎನ್‌ಎಸ್‌ಯು ಆರ್‌ಒ 80 ಹಾಗೇ ಇತ್ತು, ಇಂಜಿನ್ ಮಾತ್ರ ಉದ್ದುದ್ದ. ತಮಾಷೆ ಏನಂದರೆ, ರೋಟರ್ ತುದಿಯ ಸೀಲ್ ಸವೆದ ಮೇಲೆ ಎಷ್ಟೋ ಜನ ಅದರ ರೋಟರಿ ಕಿತ್ತು ಫೋರ್ಡ್ ವಿ4 ಹಾಕಿಸಿಕೊಂಡರು, ಆ ಜಾಗಕ್ಕೆ ಹಿಡಿಸುವಷ್ಟು ಗಿಡ್ಡ ಅಂತ!

ಅಡ್ಡಇಂಜಿನ್:
ದಿಕ್ಕಿನ ವಿಷಯ ತಲೆಗೇ ಹೊಳೆದಿರಲಿಲ್ಲ. ಕೆ ಗೇರ್‌ಬಾಕ್ಸ್ ಹುಡುಕುತ್ತೇನೆ. ಮೌಂಟ್ ಮೊದಲು ವೆಲ್ಡ್ ಮಾಡಿಸಲಾ, ಪ್ಲೇಟಾ?

ಗ್ರೀಸ್‌ಕೈ:
ಪ್ಲೇಟ್. ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿ ಒಳಗೆ ತೂಗುಹಾಕಿ, ಡ್ರೈವ್‌ಶಾಫ್ಟ್ ಹಾಕಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ ತಾಗದಿದ್ದರೆ ಮೌಂಟ್‌ಗೆ ಗುರುತು ಹಾಕಿ. ಅಲ್ಲೀತನಕ ಹಳೆ ಇಂಜಿನ್ ಮಾರಬೇಡಿ.